ಕಷ್ಟದಲ್ಲಿದ್ದರೂ ಬ್ಯಾಂಕುಗಳು ಫೆಡ್ ಹತ್ತಿರ ಸಾಲ ಕೇಳಲು ಹಿಂಜರಿದದ್ದು ಯಾಕೆ?

2008ರ ಬಿಕ್ಕಟ್ಟಿನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕು, ಅಂದರೆ ಫೆಡ್, ಸಾಲ ಕೊಡಲು ತಯಾರಾಗಿತ್ತು. ಹಾಗಿದ್ದರೂ ಬ್ಯಾಂಕುಗಳು ಮುಗಿಬೀಳಲಿಲ್ಲ ಯಾಕೆ ಎಂದು ಕೇಳಿದ್ದೀರಿ. ಹೆಸರು ಕೆಡುತ್ತದೆ ಎಂಬ ಭಯ, ಅಷ್ಟೇ.

ನಾನು ಕೆಲವು ವರ್ಷ ಬ್ಯಾಂಕೊಂದರ ಟ್ರೆಷರಿಯಲ್ಲಿ, ಅಂದರೆ ಬ್ಯಾಂಕಿನ ಹಣ ಹೊಂದಿಸುವ ವಿಭಾಗದಲ್ಲಿ, ಇದ್ದವನು. ನಮ್ಮ ಕಡೆ ಒಡವೆ ಗಿರವಿ ಇಡುವವರು ಪಕ್ಕದ ಊರಿನ ಅಂಗಡಿ ಹುಡುಕುತ್ತಾರಲ್ವಾ, ನೆಂಟರ ಕಣ್ಣಿಗೆ ಬೀಳಬಾರದು ಅಂತ? ದೊಡ್ಡ ಬ್ಯಾಂಕುಗಳೂ ಹಾಗೇ.

ಫೆಡ್‌ನಲ್ಲಿ ಡಿಸ್ಕೌಂಟ್ ವಿಂಡೋ ಅಂತ ಒಂದು ವ್ಯವಸ್ಥೆ ಇದೆ. ಬಾಂಡು, ಸಾಲಪತ್ರಗಳನ್ನು ಅಡ ಇಟ್ಟು ಬ್ಯಾಂಕು ಅಲ್ಲಿ ಹಣ ಪಡೆಯಬಹುದು. ಬಡ್ಡಿ ಮಾರುಕಟ್ಟೆಗಿಂತ ಸ್ವಲ್ಪ ಜಾಸ್ತಿ. ಯಾರು ಪಡೆದರು ಅಂತ ಫೆಡ್ ಆಗ ಹೇಳುತ್ತಿರಲಿಲ್ಲ. ಆದರೆ 12 ಪ್ರಾದೇಶಿಕ ಫೆಡ್ ಬ್ಯಾಂಕುಗಳ ಲೆಕ್ಕ ವಾರಕ್ಕೊಮ್ಮೆ ಹೊರಬರುತ್ತಿತ್ತು. ಒಂದು ಕಡೆ ಮೊತ್ತ ದಿಢೀರನೆ ಏರಿದರೆ ಯಾರಿರಬಹುದು ಎಂಬ ಗುಸುಗುಸು ಶುರು. ಗುಸುಗುಸು ಶುರುವಾದರೆ ಠೇವಣಿದಾರರು ಹಣ ತೆಗೆಯುತ್ತಾರೆ. ಆಗ ಗಟ್ಟಿ ಬ್ಯಾಂಕೂ ಮುಳುಗಬಹುದು.

2007ರ ಆಗಸ್ಟ್ 17ರಂದು ಫೆಡ್ ಈ ಬಡ್ಡಿಯನ್ನು ಶೇ 6.25ರಿಂದ 5.75ಕ್ಕೆ ಇಳಿಸಿತು. ಜನ ಬರಲಿಲ್ಲ. ಐದು ದಿನದ ಮೇಲೆ ಸಿಟಿ, ಜೆಪಿ ಮಾರ್ಗನ್, ಬ್ಯಾಂಕ್ ಆಫ್ ಅಮೆರಿಕ, ವಾಕೋವಿಯಾ ತಲಾ 50 ಕೋಟಿ ಡಾಲರ್ ಪಡೆದವು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಅಂತ ತೋರಿಸಲು. ಆದರೆ ನಮಗೆ ಬೇರೆ ಕಡೆ ಇದಕ್ಕಿಂತ ಕಡಿಮೆ ಬಡ್ಡಿಗೆ ಸಿಗುತ್ತದೆ ಅಂತ ಜೊತೆಗೇ ಹೇಳಿಕೊಂಡರೆ ಉಳಿದವರಿಗೆ ಧೈರ್ಯ ಎಲ್ಲಿಂದ ಬರಬೇಕು!

ಡಿಸೆಂಬರಿನಲ್ಲಿ ಫೆಡ್ ಬೇರೆ ದಾರಿ ಹಿಡಿಯಿತು: ಸಾಲವನ್ನು ಹರಾಜು ಹಾಕಿತು, ಅಂದರೆ ಹೆಚ್ಚು ಬಡ್ಡಿ ಕೂಗಿದವರಿಗೆ ಸಾಲ. ಮೊದಲ ಹರಾಜಿಗೆ ಇಟ್ಟದ್ದು 2,000 ಕೋಟಿ ಡಾಲರ್. ಬಿಡ್ ಹಾಕಿದವರು 93 ಮಂದಿ, ಬೇಡಿಕೆ ಮೂರು ಪಟ್ಟು! ಅಡ ಇಡುವ ಪತ್ರಗಳು ಅವೇ, ಸಾಲ ಕೊಡುವವರೂ ಅವರೇ. ಬದಲಾದದ್ದು ಏನು? ಎಲ್ಲರೂ ಒಟ್ಟಿಗೆ ಬಂದಿದ್ದರು. ಹಣ ಕೈಗೆ ಸಿಗುವುದೂ ಮೂರು ದಿನ ತಡ. ಹಾಗಾಗಿ ಇವತ್ತು ಸಂಜೆಯೊಳಗೆ ದುಡ್ಡಿಲ್ಲದಿದ್ದರೆ ಮುಳುಗುತ್ತೇವೆ ಎನ್ನುವವರು ಇಲ್ಲಿಗೆ ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಫೆಡ್ ಮಾಡಿದ ಜಾಣತನದ ಕೆಲಸಗಳಲ್ಲಿ ಇದೇ ಮೊದಲನೆಯದು ಅನ್ನುತ್ತೇನೆ ನಾನು. ಆ ಹರಾಜುಗಳಲ್ಲಿ ಕೊಟ್ಟ ಸಾಲವೆಲ್ಲ ಬಡ್ಡಿ ಸಮೇತ ವಾಪಸ್ಸೂ ಬಂತು.

ಭಯ ಎಷ್ಟಿತ್ತು ಅಂತ ಬೇಕಾದರೆ 2008ರ ಸೆಪ್ಟೆಂಬರ್ ನೋಡಿ. ಲೇಮನ್ ಬ್ರದರ್ಸ್ ಎಂಬ ದೊಡ್ಡ ಹೂಡಿಕೆ ಬ್ಯಾಂಕು ದಿವಾಳಿಯಾದ ಮುಂದಿನ ವಾರ ಹರಾಜಿನ ಬಡ್ಡಿ ಶೇ 3.75ಕ್ಕೆ ಏರಿತು. ಅದೇ ಹೊತ್ತಿಗೆ ಡಿಸ್ಕೌಂಟ್ ವಿಂಡೋದಲ್ಲಿ ಶೇ 2.25. ಹೆಸರು ಉಳಿಸಿಕೊಳ್ಳಲು ಸುಮ್ನೆ ಒಂದೂವರೆ ಪರ್ಸೆಂಟ್ ಜಾಸ್ತಿ ಕೊಟ್ಟರು!

2023ರಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕಿನ ಕಥೆ ಬೇರೆ. ಮಾರ್ಚ್ 9ರ ಒಂದೇ ದಿನ 4,200 ಕೋಟಿ ಡಾಲರ್ ಹೊರಗೆ ಹೋಯಿತು. ಅಲ್ಲಿ ಮರ್ಯಾದೆಗಿಂತ ತಯಾರಿಯ ಕೊರತೆಯೇ ದೊಡ್ಡದು. ಫೆಡ್ ಹತ್ತಿರ ಅಡ ಇಡಲು ಬೇಕಾದಷ್ಟು ಪತ್ರಗಳನ್ನು ಸಮಯಕ್ಕೆ ಸರಿಯಾಗಿ ಸಾಗಿಸಲಾಗಲಿಲ್ಲ. ಮರುದಿನ ಬ್ಯಾಂಕು ಮುಚ್ಚಿತು. ಎರಡು ದಿನದ ಮೇಲೆ ಫೆಡ್ ಹೊಸ ಯೋಜನೆ ತಂದಿತು: ಬೆಲೆ ಬಿದ್ದಿದ್ದ ಸರ್ಕಾರಿ ಬಾಂಡುಗಳನ್ನೂ ಪೂರ್ತಿ ಮುಖಬೆಲೆಗೆ ಲೆಕ್ಕ ಹಾಕಿ ಒಂದು ವರ್ಷದವರೆಗೆ ಸಾಲ. ನನಗೆ ಅದು ಅತಿ ಉದಾರ ಅನಿಸಿತು.

ಈಗ ಹೆಸರುಗಳು ಗುಟ್ಟಾಗಿ ಉಳಿಯುವುದಿಲ್ಲ. 2010ರ ಕಾನೂನಿನ ಪ್ರಕಾರ ಡಿಸ್ಕೌಂಟ್ ವಿಂಡೋದಲ್ಲಿ ಸಾಲ ಪಡೆದವರ ಪಟ್ಟಿಯನ್ನು ಸುಮಾರು ಎರಡು ವರ್ಷ ಬಿಟ್ಟು ಫೆಡ್ ಪ್ರಕಟಿಸಲೇಬೇಕು. ಅವರ ವೆಬ್‌ಸೈಟಿನಲ್ಲೇ ಸಿಗುತ್ತದೆ, ಬಿಡುವಿದ್ದಾಗ ನೋಡಿ.