ಗೋಕರ್ಣಕ್ಕೆ ಹೋದಾಗ ಒಂದು ದಿನ ಬೀಚು ಬಿಟ್ಟು ಹಳ್ಳಿ ಕಡೆ ಎಲ್ಲಿ ನಡೆಯಬಹುದು?

ದಸರಾ ರಜೆಗೆ ಮೈಸೂರಿನಿಂದ ಗೋಕರ್ಣಕ್ಕೆ ಹೊರಟಿದ್ದೀರಿ. ಜೊತೆಗೆ ಹೈಸ್ಕೂಲಿನ ಮಗ ಮತ್ತು ಅತ್ತೆ. ಒಂದು ದಿನ ಪೂರ್ತಿ ಹಳ್ಳಿ ದಾರಿಯಲ್ಲಿ ನಡೆಯಬೇಕು, ಎಲ್ಲಿಗೆ ಹೋಗೋಣ ಅಂತ ಕೇಳಿದ್ದೀರಿ. ಬಹಳ ಜನ ಓಂ ಬೀಚಿನಿಂದ ಪ್ಯಾರಡೈಸ್ ಬೀಚಿನವರೆಗೆ ಗುಡ್ಡ ಹತ್ತಿಳಿಯುವ ದಾರಿ ಹೇಳುತ್ತಾರೆ. ಅದೂ ಚೆನ್ನಾಗಿದೆ, ಆದರೆ ಅದು ಸಮುದ್ರದ ದಾರಿ. ನಿಮಗೆ ಬೇಕಿರುವುದು ಹಳ್ಳಿ ಅಲ್ವಾ? ಹಾಗಾದರೆ ಸಮುದ್ರಕ್ಕೆ ಬೆನ್ನು ಹಾಕಿ, ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆ ಕಡೆ ಹೊರಡಿ.

ನಾನು ಮಂಡ್ಯ ಪಕ್ಕದ ಹಳ್ಳಿಯವಳು. ಭತ್ತ ಬೆಳೆಯುವ ಮನೆ ನಮ್ಮದು. ಈ ದಾರಿ ನನಗೆ ಅಷ್ಟು ಇಷ್ಟವಾಗುವುದಕ್ಕೆ ಅದೇ ಕಾರಣ. ನಮ್ಮ ಕಡೆ ಗದ್ದೆ ಅಂದರೆ ನಾಲೆ. ಮಳೆಗಾಲದಲ್ಲಿ ಬೆಳಿಗ್ಗೆ ಪೇಪರ್ ತೆಗೆದರೆ ಮೊದಲು ನೋಡುವುದು ಕನ್ನಂಬಾಡಿ ಕಟ್ಟೆ ಎಷ್ಟು ಅಡಿ ತುಂಬಿದೆ ಅಂತ. 124.80 ಅಡಿ ಮುಟ್ಟಿದರೆ ಊರಿಗೆಲ್ಲ ಸಮಾಧಾನ. ಇಳಿದರೆ ಕಟ್ಟು ನೀರಿನ, ಅಂದರೆ ಸರದಿ ಮೇಲೆ ನಾಲೆಗೆ ನೀರು ಬಿಡುವ ಮಾತು ಶುರು. ಅಘನಾಶಿನಿಗೆ ಅಣೆಕಟ್ಟೇ ಇಲ್ಲ. ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿ ಹತ್ತಿರ ಸಮುದ್ರ ಸೇರುತ್ತದೆ. ಆ ಕೊನೆಯಲ್ಲಿ ನದಿ ಅಗಲವಾಗಿ ಹರಡಿಕೊಂಡಿದೆ. ಸಮುದ್ರದ ನೀರು ದಿನಕ್ಕೆ ಎರಡು ಸಲ ಒಳಗೆ ಬಂದು ಎರಡು ಸಲ ಹಿಂದೆ ಸರಿಯುತ್ತದೆ. ಅಂಥ ನೆಲದಲ್ಲೂ ಅಲ್ಲಿಯವರು ಭತ್ತ ಬೆಳೆಯುತ್ತಾರೆ. ಗದ್ದೆಗೆ ಸ್ವಲ್ಪ ಚೌಳು ಬಂದರೂ ತಲೆ ಮೇಲೆ ಕೈ ಹೊತ್ತು ಕೂರುವ ನಮ್ಮಂಥವರು ಅದನ್ನು ನೋಡಲೇಬೇಕು.

ಬೆಳಿಗ್ಗೆ ಬನ್ಸ್ ತಿಂದು ಬೇಗ ಹೊರಡಿ. ಗೋಕರ್ಣದಿಂದ ಬಂಕಿಕೊಡ್ಲ ಮೇಲೆ ಸಾಣಿಕಟ್ಟಾಕ್ಕೆ ನಿಧಾನವಾಗಿ ನಡೆದರೂ ಎರಡು ಗಂಟೆ ಸಾಕು. ದಾರಿಯಲ್ಲಿ ತೆಂಗು, ಹೆಂಚಿನ ಮನೆಗಳು, ಮರಳು ಮಣ್ಣಿನಲ್ಲಿ ಹಾಲಕ್ಕಿ ಒಕ್ಕಲಿಗರ ತರಕಾರಿ ಹೊಲಗಳು. ಅತ್ತೆಯವರಿಗೆ ಅಷ್ಟು ದೂರ ಕಷ್ಟವಾದರೆ ಅವರನ್ನು ಆಟೋದಲ್ಲಿ ಕಳಿಸಿ, ಸಾಣಿಕಟ್ಟಾದಲ್ಲಿ ಜೊತೆಯಾಗಿ.

ಸಾಣಿಕಟ್ಟಾ ಅಂದರೆ ಉಪ್ಪಿನ ಆಗರ. ದಸರಾ ಹೊತ್ತಿನಲ್ಲಿ ಉಪ್ಪು ತೆಗೆಯುವುದು ನೋಡಲು ಸಿಗುವುದಿಲ್ಲ, ಅದು ಬೇಸಿಗೆಯ ಕೆಲಸ. ಮಡಿಯಿಂದ ಮಡಿಗೆ ನೀರು ಬಿಟ್ಟು, ಬಿಸಿಲಿಗೆ ಒಣಗಿಸಿ, ಹಲಗೆಯಿಂದ ಎಳೆದು ರಾಶಿ ಹಾಕುತ್ತಾರೆ. ಈಗ ಮಡಿಗಳಲ್ಲಿ ಮಳೆ ನೀರು ನಿಂತಿರುತ್ತದೆ, ಬೆಳ್ಳಕ್ಕಿ ಸಾಲುಗಟ್ಟಿರುತ್ತವೆ. ಬದುವಿನ ಮೇಲೆ ಹೋಗುವ ಮೊದಲು ಅಲ್ಲಿ ಯಾರಾದರೂ ಇದ್ದರೆ ಕೇಳಿಕೊಳ್ಳಿ. ಮಣ್ಣು ಗಟ್ಟಿ ಮಾಡಿ ಕಟ್ಟಿದ ಬದು ಅದು, ತುಳಿದರೆ ಕುಸಿಯುತ್ತದೆ.

ಅಲ್ಲಿಂದ ತದಡಿ. ಮೀನಿನ ಬಂದರು, ಬಲೆ, ದೋಣಿ, ವಾಸನೆ ಎಲ್ಲವೂ ಇರುತ್ತದೆ. ನೀರಿಳಿದ ಹೊತ್ತಾದರೆ ದಡದ ಕೆಸರನ್ನು ಮಗನಿಗೆ ತೋರಿಸಿ. ಒಂದು ಕೈ ಮಾತ್ರ ದೊಡ್ಡದಿರುವ ಸಣ್ಣ ಏಡಿಗಳು ಬಿಲದಿಂದ ಹೊರಬಂದು ಆ ಕೈ ಬೀಸುತ್ತಿರುತ್ತವೆ. ನೆರಳು ಬಿದ್ದರೆ ಸಾಕು, ಎಲ್ಲವೂ ಒಟ್ಟಿಗೆ ಮಾಯ. ಪಕ್ಕದಲ್ಲೇ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು. ಅವುಗಳಲ್ಲಿ ಕೆಲವು ಬೇರಿನಿಂದ ಬಂದ ಉಪ್ಪನ್ನು ಎಲೆಯಿಂದ ಹೊರಗೆ ಹಾಕುತ್ತವೆ. ಮಳೆಯಿಲ್ಲದ ದಿನ ಎಲೆಯನ್ನು ಬಿಸಿಲಿಗೆ ಹಿಡಿದರೆ ಸಣ್ಣ ಹರಳುಗಳು ಮಿನುಗುತ್ತವೆ, ನಾಲಿಗೆಗೆ ತಾಗಿಸಿದರೆ ಉಪ್ಪು. ಇದನ್ನು ಮಗ ಪಾಠದಲ್ಲಿ ಓದುವ ಬದಲು ಅಲ್ಲೇ ತಿಳಿಯಲಿ.

ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ನಮ್ಮ ರಂಗನತಿಟ್ಟು 2022ರಲ್ಲಿ ಸೇರಿತು, ಈಗ ಈ ಅಳಿವೆಯೂ ಸೇರಿದೆ. ನೀರಿಳಿದಾಗ ಹೆಂಗಸರು, ಗಂಡಸರು ಸೊಂಟದ ಮಟ್ಟದ ನೀರಲ್ಲಿ ನಿಂತು ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುವುದು ಇಲ್ಲಿ ಕಾಣುತ್ತದೆ. ನೂರಾರು ಮನೆಗಳ ಊಟ ಅದರಿಂದಲೇ. ಒಂದು ಮಾತು: ನವರಾತ್ರಿ ಅಮಾವಾಸ್ಯೆಯ ಬೆನ್ನಿಗೇ ಶುರುವಾಗುತ್ತದಲ್ಲ, ಹಾಗಾಗಿ ಮೊದಲ ದಿನಗಳಲ್ಲಿ ಹೋದರೆ ನೀರು ಬಹಳ ದೂರ ಸರಿಯುತ್ತದೆ. ಅಷ್ಟಮಿ, ನವಮಿ ಹೊತ್ತಿಗೆ ಏರಿಳಿತ ಕಡಿಮೆ. ದಿನದಿಂದ ದಿನಕ್ಕೆ ಇಳಿತದ ಹೊತ್ತು ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿಯೇ ಮುಂದಕ್ಕೆ ಹೋಗುತ್ತದೆ. ಹಿಂದಿನ ದಿನವೇ ಯಾರಾದರೂ ಮೀನುಗಾರರನ್ನು ಕೇಳಿಟ್ಟುಕೊಳ್ಳಿ.

ತದಡಿಯಿಂದ ದೋಣಿ ಹತ್ತಿ ಆಚೆ ದಡದ ಅಘನಾಶಿನಿ ಊರಿಗೆ ಇಳಿಯಿರಿ. ನದಿಯದೇ ಹೆಸರು ಊರಿಗೂ. ಅಲ್ಲಿಂದ ಕಾಗಾಲ, ಮಾಣಿಕಟ್ಟಾ, ಮಾಸೂರು ಕಡೆಯ ಗಜನಿ ಗದ್ದೆಗಳನ್ನು, ಅಂದರೆ ಉಪ್ಪುನೀರು ಬರುವ ತಗ್ಗಿನಲ್ಲಿ ಒಡ್ಡು ಕಟ್ಟಿ ಮಾಡಿದ ಗದ್ದೆಗಳನ್ನು, ಕೇಳಿಕೊಂಡು ನಡೆಯಿರಿ. ಪೂರ್ತಿ ನಡೆಯಲೇಬೇಕು ಅಂತಿಲ್ಲ, ಸ್ವಲ್ಪ ದೂರ ಬಸ್ಸೋ ಆಟೋನೋ ಹಿಡಿಯಿರಿ. ಆದರೆ ಗಜನಿಯ ಒಡ್ಡಿನ ಮೇಲೆ ಮಾತ್ರ ನಡೆದೇ ಹೋಗಿ.

ಅಲ್ಲಿ ಬೆಳೆಯುವ ಭತ್ತದ ಹೆಸರು ಕಗ್ಗ. ಜೂನ್, ಜುಲೈ ಮಳೆ ನೆಲದ ಉಪ್ಪನ್ನು ತೊಳೆಯುತ್ತದೆ. ಆಗ ಮೊಳಕೆ ಬಂದ ಬೀಜ ಹಾಕುತ್ತಾರೆ. ಗೊಬ್ಬರವಿಲ್ಲ, ಔಷಧವಿಲ್ಲ. ಪೈರು ಆಳೆತ್ತರ ಬರುತ್ತದೆ, ನೆರೆ ನೀರಲ್ಲಿ ದಿನಗಟ್ಟಲೆ ನಿಂತರೂ ಕೊಳೆಯುವುದಿಲ್ಲ. ಇಳುವರಿ ನಮ್ಮ ಗದ್ದೆಯಷ್ಟಿಲ್ಲ. ದಸರಾ ಹೊತ್ತಿಗೆ ತೆನೆ ಬಲಿತಿರುತ್ತದೆ, ಅದೃಷ್ಟವಿದ್ದರೆ ಕೊಯ್ಲೇ ಸಿಗುತ್ತದೆ. ಕೊಯ್ಲಾದ ಮೇಲೆ ತೂಬು ತೆರೆದು ಉಪ್ಪುನೀರು ಒಳಗೆ ಬಿಡುತ್ತಾರೆ. ಆಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಉಳಿದ ಕೂಳೆ ಅವಕ್ಕೆ ಮೇವು.

ನಾನು ಹೋದಾಗ ಒಬ್ಬ ಹಿರಿಯರು ತೂಬಿನ ಹತ್ತಿರ ಕೂತು ಹಲಗೆಯ ಸಂದಿಗೆ ಮಣ್ಣು ಮೆತ್ತುತ್ತಿದ್ದರು. ಮಂಡ್ಯದವಳು ಅಂದೆ. "ನಿಮಗೆ ನೀರು ತರೂದು ಕೆಲಸ ತಂಗಿ. ನಮಗೆ ನೀರು ಹೊರಗೆ ಇಡೂದೇ ಕೆಲಸ," ಅಂದರು. ಹಲಗೆಯ ಒಂದು ಕಡೆ ಸಮುದ್ರದ ನೀರು ಮೊಣಕಾಲೆತ್ತರ ಜಾಸ್ತಿ ನಿಂತಿತ್ತು. ಇನ್ನೊಂದು ಕಡೆ ಭತ್ತ. ನಡುವೆ ಎರಡು ಬೆರಳು ದಪ್ಪದ ಮರ, ಅಷ್ಟೇ. ಒಡ್ಡು ಒಂದು ಕಡೆ ಒಡೆದರೆ ಇಡೀ ಬಯಲಿನ ಬೆಳೆ ಹೋಗುತ್ತದೆ, ಅದಕ್ಕೇ ಇದು ಒಬ್ಬೊಬ್ಬರೇ ಮಾಡುವ ಬೇಸಾಯವಲ್ಲ. ಎಷ್ಟೋ ಗಜನಿಗಳಲ್ಲಿ ಈಗ ಭತ್ತ ಬಿಟ್ಟು ವರ್ಷಪೂರ್ತಿ ಸಿಗಡಿಯೇ. ಅದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಉಪ್ಪುನೀರಲ್ಲಿ ಬೆಳೆಯುವ ಬೀಜ ಸುಮ್ನೆ ಸಿಗುವಂಥದ್ದಲ್ಲ. ಪ್ರತಿ ವರ್ಷ ಬಿತ್ತಿದರೆ ಮಾತ್ರ ಉಳಿಯುತ್ತದೆ. ಯಾರ ಮನೆಯಲ್ಲಾದರೂ ಕಗ್ಗದ ಅಕ್ಕಿ ಮಾರುತ್ತಿದ್ದರೆ ಚೌಕಾಸಿ ಮಾಡದೆ ಒಂದೆರಡು ಸೇರು ತನ್ನಿ. ಕೆಂಪಕ್ಕಿ, ಬೇಯಲು ಹೊತ್ತು ಜಾಸ್ತಿ ಬೇಕು.

ಸಂಜೆ ಕುಮಟಾಕ್ಕೆ ಬಂದುಬಿಡಿ, ಅಲ್ಲಿಂದ ಗೋಕರ್ಣಕ್ಕೆ ಬಸ್ ಸಿಗುತ್ತದೆ. ಬಂದ ದಾರಿಯಲ್ಲೇ ವಾಪಸ್ ಹೋಗುವುದಾದರೆ, ದೋಣಿ ಇಳಿಯುವಾಗಲೇ ಕೊನೇ ದೋಣಿ ಎಷ್ಟು ಹೊತ್ತಿಗೆ ಅಂತ ಕೇಳಿ. ಅಕ್ಟೋಬರಿನಲ್ಲೂ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುತ್ತದೆ, ಕೊಡೆ ಇರಲಿ. ಒಡ್ಡಿನ ಮೇಲೆ ಎಲ್ಲೂ ನೆರಳಿಲ್ಲ, ಒಬ್ಬೊಬ್ಬರಿಗೂ ಒಂದೊಂದು ಬಾಟಲಿ ನೀರು, ತಲೆಗೆ ಟೋಪಿ ಬೇಕೇ ಬೇಕು. ಅತ್ತೆಯವರನ್ನು ಒಡ್ಡಿನ ಮೇಲೆ ಕರೆದೊಯ್ಯಬೇಡಿ, ಮಳೆ ಬಿದ್ದರೆ ಜಾರುತ್ತದೆ. ಕಾಗಾಲದಲ್ಲಿ ಯಾವುದಾದರೂ ಅಂಗಡಿಯ ಜಗುಲಿಯಲ್ಲಿ ಕೂರಿಸಿ. ಮಾತಿಗೆ ಅಲ್ಲಿ ಜನ ಖಂಡಿತ ಸಿಗುತ್ತಾರೆ.