ಜಿಎಫ್‌ಎಸ್ ಫೈಲ್ ಅರ್ಧಕ್ಕೇ ತುಂಡಾಗಿದೆ ಎಂದು ಪತ್ತೆ ಮಾಡುವುದು ಹೇಗೆ?

ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ನಡೆಸುವ ಪ್ರೋಗ್ರಾಮ್) ಬೆಳಿಗ್ಗೆ 9ಕ್ಕೆ 0.25 ಡಿಗ್ರಿಯ ಜಿಎಫ್‌ಎಸ್ (ಅಮೆರಿಕದ ಜಾಗತಿಕ ಹವಾಮಾನ ಮುನ್ಸೂಚನಾ ಮಾದರಿ) ಫೈಲ್ ಇಳಿಸುತ್ತದೆ, ಇಳಿಸುವ ಸಾಧನವಾದ ಕರ್ಲ್ ಏನೂ ಎರರ್ ಕೊಡುವುದಿಲ್ಲ, ಆದರೂ ಒಮ್ಮೊಮ್ಮೆ ಫೈಲ್ ಓದಲು ಬರುವುದಿಲ್ಲ, ಒಮ್ಮೊಮ್ಮೆ ಕೆಲವು ವೇರಿಯಬಲ್‌ಗಳೇ ನಾಪತ್ತೆ ಅಂದಿದ್ದೀರಿ. ನನ್ನ ಮೊದಲ ಅನುಮಾನ ನಿಮ್ಮ ನೆಟ್‌ವರ್ಕ್ ಮೇಲಲ್ಲ, ಆ 9 ಗಂಟೆಯ ಮೇಲೆ.

00 ಯುಟಿಸಿ ರನ್ (ಆ ಹೊತ್ತಿನಿಂದ ಶುರುವಾಗುವ ಮುನ್ಸೂಚನೆ) ಅಂದರೆ ನಮ್ಮ ಬೆಳಿಗ್ಗೆ 5:30. ಫೈಲುಗಳು ಹೊರಬರಲು ಶುರುವಾಗುವುದೇ ಸುಮಾರು ಮೂರೂವರೆ ಗಂಟೆಯ ನಂತರ. ಸರ್ವರ್‌ನಲ್ಲಿ ಫೈಲ್ ಇನ್ನೂ ಬರೆಯಲಾಗುತ್ತಿರುವಾಗ ಕೇಳಿದರೆ, ಆ ಕ್ಷಣಕ್ಕೆ ಇದ್ದಷ್ಟನ್ನೇ ಪೂರ್ತಿ ಗಾತ್ರ ಎಂದು ಅದು ಹೇಳುತ್ತದೆ. ಅಷ್ಟೂ ಇಳಿದ ಮೇಲೆ ಕರ್ಲ್ ತಕರಾರು ಯಾಕೆ ಮಾಡೀತು? ನಡುವೆ ಸಂಪರ್ಕ ಕಡಿದಿದ್ದರೆ ಎಕ್ಸಿಟ್ ಕೋಡ್ 18 ಬರುತ್ತಿತ್ತು, ಡಿಸ್ಕ್ ತುಂಬಿದ್ದರೆ 23.

ಜಿಎಫ್‌ಎಸ್ ಡೇಟಾ ಬರುವುದು ಗ್ರಿಬ್2 ಎಂಬ ರೂಪದಲ್ಲಿ. ಗ್ರಿಬ್2 ಫೈಲ್ ಅಂದರೆ ಒಂದರ ಹಿಂದೊಂದು ಜೋಡಿಸಿದ ಸಂದೇಶಗಳು. ಪ್ರತಿಯೊಂದೂ ‘GRIB’ ಎಂಬ 4 ಇಂಗ್ಲಿಷ್ ಅಕ್ಷರಗಳಿಂದ ಶುರುವಾಗಿ 7777ಕ್ಕೆ ಮುಗಿಯುತ್ತದೆ. ಸಂದೇಶದ ಒಟ್ಟು ಉದ್ದ 9ರಿಂದ 16ನೇ ಬೈಟ್‌ಗಳಲ್ಲಿರುತ್ತದೆ. ಟೇಲ್ ಕಮಾಂಡ್‌ನಿಂದ ಫೈಲಿನ ಕೊನೆಯ 4 ಬೈಟ್ ನೋಡಿ: 7777 ಇಲ್ಲದಿದ್ದರೆ ಫೈಲ್ ಖಂಡಿತ ತುಂಡು. ಇದ್ದ ಮಾತ್ರಕ್ಕೆ ಸರಿ ಅನ್ನಬೇಡಿ. ಎರಡು ಸಂದೇಶಗಳ ನಡುವಿನ ಗಡಿಯಲ್ಲೇ ತುಂಡಾಗಿದ್ದರೆ ಯಾವ ಪ್ರೋಗ್ರಾಮೂ ದೂರುವುದಿಲ್ಲ. ನಿಮ್ಮ ವೇರಿಯಬಲ್‌ಗಳು ಕಾಣೆಯಾಗುವುದು ಹೀಗೇ.

ಆದ್ದರಿಂದ ಎಣಿಸಬೇಕು. ಸರ್ವರ್‌ನಲ್ಲಿ ಜೊತೆಗಿರುವ ಐಡಿಎಕ್ಸ್ ಫೈಲನ್ನೂ (ಸಂದೇಶಗಳ ಸೂಚಿ) ಇಳಿಸಿಕೊಂಡು, ಅದರ ಸಾಲುಗಳ ಸಂಖ್ಯೆಯನ್ನು ನಿಮ್ಮ ಫೈಲಿನ ಮೇಲೆ ಡಬ್ಲ್ಯುಗ್ರಿಬ್2 (ಗ್ರಿಬ್2 ಓದುವ ಸಾಧನ) ಕೊಡುವ ಪಟ್ಟಿಯ ಸಾಲುಗಳ ಜೊತೆ ಹೋಲಿಸಿ. ಎರಡೂ ಒಂದೇ ಇರಬೇಕು. ಐಡಿಎಕ್ಸ್‌ನ ಎರಡನೇ ಅಂಕಣ ಆ ಸಂದೇಶ ಯಾವ ಬೈಟ್‌ನಿಂದ ಶುರು ಎಂಬುದು, ಹಾಗಾಗಿ ಎಲ್ಲಿ ಕಡಿದಿದೆ ಎಂಬುದೂ ತಿಳಿಯುತ್ತದೆ.

ಉಳಿದದ್ದನ್ನು ಕರ್ಲ್‌ನ ರಿಸ್ಯೂಮ್ ಆಯ್ಕೆಯಿಂದ ತರಿಸಿಕೊಳ್ಳಬಹುದು. ಆದರೆ ಮೊದಲ 4 ಅಕ್ಷರ ‘GRIB’ ಇದೆಯೇ ನೋಡಿಕೊಳ್ಳಿ. ಕೆಲವೇ ಕೆಬಿಯ ಫೈಲ್ ಆಗಿದ್ದರೆ ಅದು ಬಹುಶಃ ಎಚ್‌ಟಿಎಂಎಲ್ ಎರರ್ ಪುಟ. ಅದರ ಬಾಲಕ್ಕೆ ಡೇಟಾ ಅಂಟಿಸಿ ಪ್ರಯೋಜನವಿಲ್ಲ. ಕರ್ಲ್‌ನ ‘ಫೇಲ್’ ಆಯ್ಕೆ ಹಾಕಿದರೆ ಇಂಥ ಪುಟ ಡಿಸ್ಕಿಗೆ ಬರುವುದೇ ಸಾಮಾನ್ಯವಾಗಿ ತಪ್ಪುತ್ತದೆ.

ಕ್ರಾನ್‌ನಲ್ಲಿ ಗಂಟೆ ನಂಬುವ ಬದಲು ಐಡಿಎಕ್ಸ್ ಬಂದಿದೆಯೇ ಎಂದು ಕೆಲವು ನಿಮಿಷಕ್ಕೊಮ್ಮೆ ಕೇಳಿ, ಬಂದ ಮೇಲೆ ಇಳಿಸಿ. ತಾತ್ಕಾಲಿಕ ಹೆಸರಿನಲ್ಲಿ ಇಳಿಸಿ, ಎಣಿಕೆ ತಾಳೆಯಾದ ಮೇಲಷ್ಟೇ ನಿಜವಾದ ಹೆಸರು ಕೊಡಿ. ಇಲ್ಲವಾದರೆ, ನೀವು ಡಬ್ಲ್ಯುಆರ್‌ಎಫ್ (ಪ್ರಾದೇಶಿಕ ಹವಾಮಾನ ಮಾದರಿ) ಓಡಿಸುತ್ತಿದ್ದರೆ, ಅದಕ್ಕಾಗಿ ಗ್ರಿಬ್ ಓದುವ ಅನ್‌ಗ್ರಿಬ್ ಪ್ರೋಗ್ರಾಮ್ ಅರ್ಧ ಫೈಲನ್ನೇ ಓದಿಕೊಂಡು ಮುಂದೆ ಹೋಗಬಹುದು, ದೋಷ ಆಮೇಲಿನ ‘ರಿಯಲ್’ (real.exe) ಹಂತದಲ್ಲಿ ಸಂಬಂಧವೇ ಇಲ್ಲದಂತೆ ಕಾಣಿಸಿಕೊಳ್ಳುತ್ತದೆ.

ಹೊಸ ಫೈಲ್ ಹಾಕಿದ ಮೇಲೂ ಪೈಥಾನ್‌ನಲ್ಲಿ ಹಳೆಯ ಎರರ್ರೇ ಬಂದರೆ, ಗ್ರಿಬ್ ಓದುವ ಪೈಥಾನ್ ಲೈಬ್ರರಿ ಸಿಎಫ್‌ಗ್ರಿಬ್ ತಾನೇ ಮಾಡಿಟ್ಟ ಐಡಿಎಕ್ಸ್ ಫೈಲನ್ನು ಅಳಿಸಿ. ಸರ್ವರ್‌ನ ಐಡಿಎಕ್ಸ್ ಬೇರೆ, ಇದು ಬೇರೆ.