ಗ್ರಾಹಕರ ಉತ್ತರಗಳು ಅವರ ದಾಖಲೆಗೆ ಸೇರದಿರುವ ಬಗ್ಗೆ

ಬಳ್ಳಾರಿಯ ನಿಮ್ಮ ಜೀನ್ಸ್ ಘಟಕದಿಂದ ಸಿಆರ್‌ಎಂ ತಂತ್ರಾಂಶದ (ಗ್ರಾಹಕರ ವಿವರ, ಪತ್ರವ್ಯವಹಾರಗಳನ್ನು ದಾಖಲಿಸಿಡುವ ತಂತ್ರಾಂಶ) ವಿಳಾಸವನ್ನು ಬಿಸಿಸಿಯಲ್ಲಿ (ಇತರರಿಗೆ ಕಾಣದಂತೆ ಪ್ರತಿ ಕಳಿಸುವ ಜಾಗ) ಸೇರಿಸಿ ಕಳಿಸುವ ಇಮೇಲ್‌ಗಳು ಅದರಲ್ಲಿ ಆಯಾ ಗ್ರಾಹಕರ ಹೆಸರಿನಡಿ ಕಾಣಿಸುತ್ತವೆ, ಆದರೆ ಅವರ ಉತ್ತರಗಳು ಮಾತ್ರ ಸೇರುತ್ತಿಲ್ಲ, ಏಕೆ ಎಂದು ಕೇಳಿದ್ದೀರಿ. ಬಿಸಿಸಿ ವಿಳಾಸವು ಗ್ರಾಹಕರಿಗೆ ಕಾಣಿಸುವುದೇ ಇಲ್ಲವಾದ್ದರಿಂದ, ಅವರು ಉತ್ತರಿಸಿದಾಗ ಅದು ನಿಮಗಷ್ಟೇ ಬರುತ್ತದೆ, ತಂತ್ರಾಂಶಕ್ಕೆ ತಲುಪುವುದಿಲ್ಲ. ನಿಮ್ಮ ತಂತ್ರಾಂಶದಲ್ಲಿ ಸೌಲಭ್ಯವಿದ್ದರೆ ಇಮೇಲ್ ಖಾತೆಯನ್ನೇ ಐಮ್ಯಾಪ್ (ಖಾತೆಯಲ್ಲಿರುವ ಪತ್ರಗಳನ್ನು ಬೇರೆ ತಂತ್ರಾಂಶವೂ ಓದಲು ಬಿಡುವ ವ್ಯವಸ್ಥೆ) ಮೂಲಕ ಅದಕ್ಕೆ ಜೋಡಿಸಿ. ಆಗ ಹೋದ ಪತ್ರ, ಬಂದ ಪತ್ರ ಎರಡೂ ದಾಖಲಾಗುತ್ತವೆ.

ಜೋಡಿಸಿದ ಮೇಲೂ ಕೆಲವು ಪತ್ರಗಳು ತಪ್ಪಿಹೋಗಬಹುದು. ತಂತ್ರಾಂಶವು ಸಾಮಾನ್ಯವಾಗಿ ಗ್ರಾಹಕರನ್ನು ಗುರುತಿಸುವುದು ಹೆಸರಿನಿಂದಲ್ಲ, ಇಮೇಲ್ ವಿಳಾಸದಿಂದ; ಅಂಗಡಿಯ ವಿಳಾಸ ನಿಮ್ಮಲ್ಲಿದ್ದು, ಮಾಲೀಕರ ಮಗ ತನ್ನ ಜಿಮೇಲ್‌ನಿಂದ ಉತ್ತರಿಸಿದರೆ ಆ ಪತ್ರ ಅವರ ದಾಖಲೆಗೆ ಸೇರದು. ಅಂಥ ವಿಳಾಸವನ್ನು ಅದೇ ದಾಖಲೆಯಲ್ಲಿ ಎರಡನೆಯ ಇಮೇಲ್ ಆಗಿ ನಮೂದಿಸಿರಿ. ವಾಷಿಂಗ್ ಬಣ್ಣಕ್ಕೆ ಒಪ್ಪಿಗೆ ಕೊಟ್ಟ ಪತ್ರವೇ ಹೀಗೆ ಕೈತಪ್ಪಿದರೆ, ಮಾಲು ವಾಪಸು ಬಂದಾಗ ನಿಮ್ಮ ಬಳಿ ಆಧಾರವೇ ಇರುವುದಿಲ್ಲ.

ದಯವಿಟ್ಟು ಸ್ವಂತ ಖಾತೆಯನ್ನು ಜೋಡಿಸಬೇಡಿ, ವ್ಯವಹಾರಕ್ಕೆಂದೇ ಇರುವ ಖಾತೆಯನ್ನು ಬಳಸಿರಿ. ಮನೆಯ, ಬ್ಯಾಂಕಿನ ಪತ್ರಗಳು ಸಿಬ್ಬಂದಿಯ ಕಣ್ಣಿಗೆ ಬೀಳುವುದು ಸರಿಯಲ್ಲ.